ತಮ್ಮನೆಂಬ ಮಾತು

ಸುಳ್ಳು ಹೇಳಬಾರದೆಂಬ ಪಾಠವನ್ನು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಹೇಳಿದವನು ನಾನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಸರ್ಕಾರಿ ಶಾಲೆಗಳಲ್ಲಿಯೇ ನನ್ನ ಸೇವೆಯೆಲ್ಲ ಕಳೆಯಿತು. ಪಾಠ ಹೇಳುವುದು ಸುಲಭ. ಆದರೆ ಯಾವುದು ಸುಳ್ಳು, ಯಾವುದು ಅಲ್ಲ ಎಂದು ಗುರುತಿಸುವುದು ಅಷ್ಟು ಸುಲಭವಲ್ಲವೆಂದು ನನಗೆ ತಿಳಿದದ್ದು ನಿವೃತ್ತನಾಗಿ ಐದು ವರ್ಷಗಳಾದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಬಾಂಡ್ ಕಾಗದವನ್ನು ತಂದು ನನ್ನ ಮುಂದಿಟ್ಟಾಗ.

ಅದು 2004ರ ಬೇಸಿಗೆ. ಯುಗಾದಿ ಕಳೆದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಬಂದ ಆತ ನೀರು ಕುಡಿದು, ತಲೆಯ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಚೀಲದಿಂದ ಕಾಗದವನ್ನು ತೆಗೆದ.

“ಸರ, ನಿಮ್ಮದೊಂದು ಸಹಿ ಬೇಕಾಗ್ಯದ. ಅಣ್ಣ ಅಮೆರಿಕಾದಿಂದ ಕಳಿಸ್ಯಾನ. ನನಗ, ನನ್ನ ಮಕ್ಕಳಿಗಿ ಅಲ್ಲಿ ಕರಸ್ಕೋತಾನಂತ.”

ಅಣ್ಣನೂ ನನ್ನ ವಿದ್ಯಾರ್ಥಿಯೇ. ಆಳಂದ ತಾಲೂಕಿನ ಅಮರ್ಜಾ ಹೊಳೆಯ ದಂಡೆಯ ಊರಿನಲ್ಲಿ ಕಲಿತು, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿಯ ಪೌರನೇ ಆಗಿದ್ದ. ಪೌರನಾದವನು ತನ್ನ ಒಡಹುಟ್ಟಿದವರನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವಂತೆ ಅರ್ಜಿ ಹಾಕಲು ಅಲ್ಲಿಯ ಕಾನೂನು ಅವಕಾಶ ಕೊಡುತ್ತದೆ. ಆದರೆ ಒಡಹುಟ್ಟಿದವನೆಂಬುದಕ್ಕೆ ಆಧಾರ ಬೇಕು. ನಮ್ಮ ದೇಶದಲ್ಲಿ ಜನನ ಮರಣಗಳ ನೋಂದಣಿಗೆ ಎಲ್ಲೆಡೆಗೂ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಇವರಿಬ್ಬರೂ ಅದಕ್ಕಿಂತ ಮೊದಲು ಹುಟ್ಟಿದವರು. ಹಳ್ಳಿಯಲ್ಲಿ ಹುಟ್ಟಿದ್ದನ್ನು ಬರೆದಿಟ್ಟವರು ಯಾರು? ಅಂಥವರಿಗೆ ದಾಖಲೆ ಸಿಗದೆಂಬ ಪತ್ರ, ಶಾಲೆಯ ಸರ್ಟಿಫಿಕೇಟು ಮತ್ತು ಹುಟ್ಟನ್ನು ಸ್ವತಃ ಬಲ್ಲ ಹಿರಿಯರ ಪ್ರಮಾಣಪತ್ರ ಇವು ಆಧಾರವಾಗುತ್ತವೆ. ಆ ಹಿರಿಯ ನಾನಾಗಬೇಕಾಗಿತ್ತು. ಇವರಿಬ್ಬರೂ ಒಬ್ಬನೇ ತಂದೆಗೆ, ಒಬ್ಬಳೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೆಂದು ನಾನು ಖುದ್ದು ಬಲ್ಲೆನೆಂದು ಕಾಗದ ಹೇಳುತ್ತಿತ್ತು. ಕೆಳಗೆ ನನ್ನ ಹೆಸರನ್ನೂ ಟೈಪು ಮಾಡಿಸಿದ್ದರು. ಸಹಿಯೊಂದು ಬಾಕಿ.

ಅವರಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೆಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತೆಂಬುದು ಅವನಿಗೂ ಗೊತ್ತಿತ್ತು.

*

ಅವನ ತಂದೆ ಆ ಮನೆಯ ಕಿರಿಯ ಮಗ. ಮಗು ಹುಟ್ಟುವುದಕ್ಕೆ ಮುಂಚೆಯೇ ತೀರಿಕೊಂಡ. ತಾಯಿ ಹೆತ್ತ ಮೂರನೆಯ ತಿಂಗಳಿಗೆ ಹೋದಳು. ಹಿರಿಯ ಮಗನ ಹೆಂಡತಿಗೆ ಆಗ ಎರಡು ವರ್ಷದ ಕೂಸು. ಅದಿನ್ನೂ ಹಾಲು ಬಿಟ್ಟಿರಲಿಲ್ಲ. ಆಕೆ ಇಬ್ಬರನ್ನೂ ಮಡಿಲಿಗೆ ಹಾಕಿಕೊಂಡಳು. ಒಬ್ಬನೇ ತೊಟ್ಟಿಲು, ಒಂದೇ ಕುಲಾವಿ, ಒಂದೇ ದೃಷ್ಟಿಬೊಟ್ಟು. ಹುಡುಗ ಅವಳನ್ನು ಅವ್ವ ಎಂದು ಕರೆದ. ಚಿಗವ್ವನೆಂದಾಗಲಿ ದೊಡ್ಡವ್ವನೆಂದಾಗಲಿ ಎಂದೂ ಕರೆಯಲಿಲ್ಲ.

1973ರಲ್ಲಿ ಆ ಹುಡುಗನನ್ನು ಶಾಲೆಗೆ ಸೇರಿಸಲು ದೊಡ್ಡಪ್ಪನೇ ಕರೆತಂದ. ನಾನು ದಾಖಲಾತಿ ಪುಸ್ತಕ ತೆರೆದು ತಂದೆಯ ಹೆಸರು ಕೇಳಿದೆ. ಕೇಳಬೇಕಾದದ್ದು ನನ್ನ ಕೆಲಸ. ಉತ್ತರ ನನಗೆ ಗೊತ್ತೇ ಇತ್ತು. ಆತ ಒಂದು ಕ್ಷಣವೂ ತಡೆಯದೆ, “ನನ್ನ ಹೆಸರು ಬರೀರಿ ಮಾಸ್ತರ. ಅವನಿಗಿ ಅಪ್ಪ ಯಾರಂತ ಯಾರರ ಕೇಳಿದ್ರ, ನಾನೇ” ಎಂದ. ನಾನು ಬರೆದೆ. ಬರೆಯುವಾಗ ಕೈ ನಡುಗಲಿಲ್ಲ. ಅಂದು ರಾತ್ರಿ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದಲೇ ಮಲಗಿದೆ.

ಮೂವತ್ತೊಂದು ವರ್ಷದ ಮೇಲೆ ಆ ಹುಡುಗನೇ ಎದುರಿಗೆ ಕುಳಿತು ಕೇಳಿದ: “ಆವಾಗ ಸಾಲ್ಯಾಗ ನೀವೇ ಬರ್ದೀರಿ ಅಲ್ರಿ ಸರ? ಈಗೇನು ಹೊಸಾದು ಬರೀ ಅನ್ಲಿಕತ್ತೀನಾ?”

ಅವನ ಪ್ರಶ್ನೆಯಲ್ಲಿ ಕುಯುಕ್ತಿ ಇರಲಿಲ್ಲ. ಅದು ನಿಜವಾದ ಪ್ರಶ್ನೆ. ಒಂದೇ ವಾಕ್ಯವನ್ನು ಒಂದು ಪುಸ್ತಕದಲ್ಲಿ ನಿಶ್ಚಿಂತನಾಗಿ ಬರೆದವನು ಇನ್ನೊಂದು ಕಾಗದದ ಕೆಳಗೆ ಸಹಿ ಹಾಕಲು ಯಾಕೆ ಹಿಂಜರಿಯಬೇಕು? ನಾನು ಒಂದು ರಾತ್ರಿಯ ಅವಧಿ ಕೇಳಿ ಅವನನ್ನು ಕಳುಹಿಸಿದೆ.

*

ಮೊದಲು ನಮ್ಮ ಮಾತಿನ ಸಂಗತಿ. ಕನ್ನಡದಲ್ಲಿ ತಂದೆಯ ಅಣ್ಣತಮ್ಮಂದಿರ ಮಕ್ಕಳಿಗೆ, ತಾಯಿಯ ಅಕ್ಕತಂಗಿಯರ ಮಕ್ಕಳಿಗೆ ಬೇರೆ ಹೆಸರಿಲ್ಲ. ಅವರೂ ಅಣ್ಣ, ತಮ್ಮ, ಅಕ್ಕ, ತಂಗಿಯರೇ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಮಾತ್ರ ಬೇರೆ. ಅವರೊಡನೆ ನೆಂಟಸ್ತನ ಬೆಳೆಸಬಹುದು, ಇವರೊಡನೆ ಕೂಡದು. ಇಂಗ್ಲಿಷಿನವರು ಈ ಇಬ್ಬರನ್ನೂ ಒಂದೇ ಮಾತಿನಲ್ಲಿ ಕಟ್ಟಿ ಒಡಹುಟ್ಟಿದವರಿಂದ ಹೊರಗಿಟ್ಟರು. ನಾವು ಒಂದು ಗುಂಪನ್ನು ಒಳಗೆ ಕರೆದುಕೊಂಡೆವು. ಆದ್ದರಿಂದ “ಇವನು ಇವನ ತಮ್ಮ” ಎಂದು ನಾನು ಕನ್ನಡದಲ್ಲಿ ಹೇಳಿದರೆ ಅದು ಸತ್ಯ. ಅದೇ ಮಾತನ್ನು ಇಂಗ್ಲಿಷಿನ ಕಾಗದದಲ್ಲಿ ಹೇಳಿದರೆ ಅಸತ್ಯ. ಸತ್ಯವೆಂಬುದು ನಾಲಗೆ ಬದಲಾದೊಡನೆ ಬದಲಾಗುವಂಥದೇ?

ಇನ್ನೂ ಮುಂದೆ ಹೋಗಬಹುದು. ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾದ ಆಸುಪಾಸಿನ ಮುಸಲ್ಮಾನ ಗೆಳೆಯರನ್ನು ಕೇಳಿದರೆ, ಒಬ್ಬಳ ಹಾಲು ಕುಡಿದ ಇಬ್ಬರು ‘ದೂಧ್ ಭಾಯಿ’ಗಳು, ಹಾಲಿನ ಸಂಬಂಧ ಅವರ ಧರ್ಮಶಾಸ್ತ್ರ ಒಪ್ಪಿದ ಸಂಬಂಧ, ಅದು ಮದುವೆಗೆ ತಡೆಯಾಗುವಷ್ಟು ಗಟ್ಟಿ ಎಂದು ಹೇಳುತ್ತಾರೆ. ಆ ಲೆಕ್ಕದಲ್ಲಿ ನನ್ನ ವಿದ್ಯಾರ್ಥಿಗಳಿಬ್ಬರೂ ಎರಡು ಬಗೆಯಲ್ಲಿ ಸಹೋದರರು.

ಹಾಗಾದರೆ ತಪ್ಪು ಪರದೇಶದ ಕಾನೂನಿನದೇ? ಅಂದು ರಾತ್ರಿ ಮೊದಲು ನನಗೆ ಹಾಗೆಯೇ ತೋರಿತು. ಆದರೆ ಸ್ವಲ್ಪ ವಿಚಾರಿಸಿದಾಗ ಈ ಗೆರೆಯನ್ನು ಮೊದಲು ಎಳೆದವರು ಅಮೆರಿಕದವರಲ್ಲ, ನಾವೇ ಎಂಬುದು ಕಂಡಿತು. ಅಲ್ಲಿಯ ಕಾನೂನು ದತ್ತಕವನ್ನು ಒಪ್ಪುತ್ತದೆ. ಹದಿನಾರು ತುಂಬುವ ಮೊದಲು ಕ್ರಮವಾಗಿ ದತ್ತು ಹೋದವನು ಆ ಮನೆಯ ಮಗನೇ. ಆದರೆ ನಮ್ಮ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಪ್ರಕಾರ, ಬದುಕಿರುವ ಗಂಡುಮಗನುಳ್ಳ ತಂದೆ ಮತ್ತೊಬ್ಬ ಗಂಡುಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಆ ದೊಡ್ಡಪ್ಪನಿಗೆ ಹೊಟ್ಟೆಯ ಮಗನಿದ್ದ. ಆದ್ದರಿಂದ ಅವನು ಎಷ್ಟು ಪ್ರೀತಿಯಿಂದ ಸಾಕಿದರೂ, ಕಚೇರಿಯ ಯಾವ ಬಾಗಿಲಿಗೆ ಹೋದರೂ, ತಮ್ಮನ ಮಗನನ್ನು ತನ್ನ ಮಗನನ್ನಾಗಿ ಮಾಡಿಕೊಳ್ಳುವ ದಾರಿ ನಮ್ಮ ಕಾನೂನಿನಲ್ಲಿ ಇರಲಿಲ್ಲ. ಅವನಿಗಿದ್ದ ಒಂದೇ ಕಚೇರಿ ನನ್ನ ಶಾಲೆಯ ದಾಖಲಾತಿ ಪುಸ್ತಕ.

*

ಆ ಹೊರದೇಶದ ಕಾನೂನು ಏನು ಕೇಳುತ್ತದೆಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ನಮ್ಮಲ್ಲಿ ಈಗ ಕಲಬುರಗಿಯ ಒಂದೊಂದು ಬೀದಿಗೂ ಅಲ್ಲಿ ಮಕ್ಕಳಿರುವ ಮನೆಯೊಂದು ಸಿಗುವುದರಿಂದ ಓದುಗರಿಗೂ ಅದು ಬೇಕಾದೀತು.

1917ರಲ್ಲಿ ಅಮೆರಿಕ ಏಷ್ಯದ ಬಹುಭಾಗಕ್ಕೆ ಬಾಗಿಲು ಹಾಕಿತು. 1946ರಲ್ಲಿ ಭಾರತೀಯರಿಗಾಗಿ ಬಾಗಿಲನ್ನು ಅರ್ಧ ಅಂಗುಲ ತೆರೆದು ವರ್ಷಕ್ಕೆ 100 ಜನ ಬರಬಹುದೆಂದಿತು. 1965ರ ಕಾಯಿದೆ ಆ ದೇಶವಾರು ಪಂಕ್ತಿಭೇದವನ್ನು ತೆಗೆದು, ಕುಟುಂಬದವರನ್ನು ಕೂಡಿಸುವುದೇ ಮುಖ್ಯವೆಂದು ಹೇಳಿತು. ಈಗ ಪೌರನ ಹೆಂಡತಿ ಅಥವಾ ಗಂಡ, ಮದುವೆಯಾಗದ 21 ವರ್ಷದೊಳಗಿನ ಮಕ್ಕಳು, ತಂದೆತಾಯಿಗಳು, ಇವರಿಗೆ ಸಂಖ್ಯೆಯ ಮಿತಿ ಇಲ್ಲ. ದೊಡ್ಡ ಮಕ್ಕಳಿಗೆ, ಮದುವೆಯಾದ ಮಕ್ಕಳಿಗೆ, ಒಡಹುಟ್ಟಿದವರಿಗೆ ಸರದಿ. ಒಡಹುಟ್ಟಿದವರ ಪಾಲು ಇಡೀ ಜಗತ್ತಿಗೆ ವರ್ಷಕ್ಕೆ 65,000. ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲ. ಆದ್ದರಿಂದ ಭಾರತದ ಸರದಿ ಹದಿನೈದು ವರ್ಷಕ್ಕೂ ಮೀರಿ ಬೆಳೆದಿದೆ. ಅಜ್ಜ, ಅಜ್ಜಿ, ಅತ್ತೆ, ಮಾವ, ಕಾಕಾ, ಅಳಿಯ ಇವರಿಗೆ ನೇರವಾದ ಹೆಸರೇ ಆ ಪಟ್ಟಿಯಲ್ಲಿಲ್ಲ.

ಕೆನಡಾದವರು ಅಜ್ಜ ಅಜ್ಜಿಯರನ್ನು ಪಟ್ಟಿಗೆ ಸೇರಿಸಿದ್ದಾರೆ. ಆದರೆ ಒಡಹುಟ್ಟಿದವರನ್ನು ಸಾಮಾನ್ಯವಾಗಿ ಬಿಟ್ಟಿದ್ದಾರೆ. ಬ್ರಿಟನ್ನಿನಲ್ಲಿ 2012ರಿಂದ ಮುಪ್ಪಿನ ತಂದೆತಾಯಿಗಳನ್ನು ಕರೆಸಬೇಕಾದರೆ, ಅವರಿಗೆ ನಿತ್ಯದ ಆರೈಕೆ ಬೇಕೆಂದೂ, ಮಗ ದುಡ್ಡು ಕಳುಹಿಸಿದರೂ ಆ ಆರೈಕೆ ಊರಿನಲ್ಲಿ ಸಿಗದೆಂದೂ ತೋರಿಸಬೇಕು. ಒಬ್ಬರಿಗೆ ಅಜ್ಜಿ ಕುಟುಂಬ, ಇನ್ನೊಬ್ಬರಿಗೆ ತಮ್ಮ ಕುಟುಂಬ, ಮತ್ತೊಬ್ಬರಿಗೆ ಹಾಸಿಗೆ ಹಿಡಿದ ಮೇಲೆ ಮಾತ್ರ ತಾಯಿ ಕುಟುಂಬ. ಗೆರೆಯನ್ನು ಎಲ್ಲರೂ ಎಳೆದಿದ್ದಾರೆ. ಒಂದೇ ಕಡೆ ಯಾರೂ ಎಳೆದಿಲ್ಲ.

ಸರದಿಯೆಂಬುದು ಕೂಡ ಸಂಸಾರದ ಮೇಲೆ ಹೇಗೆ ಎರಗುತ್ತದೆಂದು ನೋಡಬೇಕು. ಕಾಯಂ ವಾಸಿಯಷ್ಟೇ ಆದ ತಂದೆ, ಪೌರನಾಗುವ ಮೊದಲು, ಮದುವೆಯಾಗದ ಮಗಳಿಗಾಗಿ ಅರ್ಜಿ ಹಾಕಿದ್ದರೆ, ಆಕೆಯ ಕೊರಳಿಗೆ ತಾಳಿ ಬಿದ್ದೊಡನೆ ಆ ಅರ್ಜಿ ಬಿದ್ದುಹೋಗುತ್ತದೆ. ಅಣ್ಣ ತಮ್ಮನಿಗಾಗಿ ಅರ್ಜಿ ಹಾಕುವುದು ಬಹುಮಟ್ಟಿಗೆ ತಮ್ಮನ ಮಕ್ಕಳ ಸಲುವಾಗಿ. ಆದರೆ ಸರದಿ ಬರುವ ಹೊತ್ತಿಗೆ ಆ ಮಕ್ಕಳು 21 ದಾಟಿರುತ್ತಾರೆ. 2002ರ ಒಂದು ಕಾಯಿದೆ ಕೆಲವರ ವಯಸ್ಸಿನ ಲೆಕ್ಕವನ್ನು ಸ್ವಲ್ಪ ಸಡಿಲಿಸಿದೆ, ಎಲ್ಲರದನ್ನೂ ಅಲ್ಲ. ಯಾರಿಗಾಗಿ ಹೊರಟರೋ ಅವರನ್ನೇ ಬಿಟ್ಟು ಹೋಗಬೇಕಾಗುವ ಪ್ರಯಾಣ ಅದು. ಅಣ್ಣ ಅಷ್ಟರಲ್ಲಿ ತೀರಿಕೊಂಡರೆ ಸಾಮಾನ್ಯವಾಗಿ ಅರ್ಜಿಯೂ ಅವನೊಡನೆ ತೀರುತ್ತದೆ.

ಇಷ್ಟಾಗಿಯೂ ಆ ಕಾನೂನಿನಲ್ಲಿ ಒಂದು ಅಂಶ ನನಗೆ ಗೌರವ ಹುಟ್ಟಿಸಿತು. ಕರೆಸಿಕೊಳ್ಳುವವನು ಜಾಮೀನು ನಿಲ್ಲಬೇಕು. 1996ರ ಕಾಯಿದೆಯಿಂದ ಅದು ಬರಿಯ ಬಾಯಿಮಾತಲ್ಲ. ಬಂದವನು ಬಡತನದ ಗೆರೆಯ ಒಂದೂಕಾಲು ಪಾಲಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆಂದು ಬರೆದುಕೊಡಬೇಕು. ಬಂದವನು ಪೌರನಾಗುವವರೆಗೆ, ಇಲ್ಲವೆ ಸುಮಾರು ಹತ್ತು ವರ್ಷದ ದುಡಿಮೆ ಅವನ ಲೆಕ್ಕಕ್ಕೆ ಸೇರುವವರೆಗೆ, ಆ ಹೊರೆ ಇಳಿಯುವುದಿಲ್ಲ. ಹೆಂಡತಿಗೆ ಜಾಮೀನು ನಿಂತವನಾದರೆ ವಿಚ್ಛೇದನವಾದರೂ ಇಳಿಯದು. ಪ್ರೀತಿಯನ್ನು ಅಳೆಯುವ ಕೋಲು ಸರ್ಕಾರದಲ್ಲಿಲ್ಲ, ಆದರೆ ಹೊಣೆಯನ್ನು ಅಳೆಯಬಹುದು. ನನ್ನ ಹಳೆಯ ವಿದ್ಯಾರ್ಥಿ ಕಾಕನ ಮಗನಿಗಾಗಿ ಆ ಜಾಮೀನಿಗೆ ಸಿದ್ಧನಾಗಿದ್ದ. ಅವನ ಅಣ್ಣತನ ಅಷ್ಟು ದಿಟವಾದದ್ದು.

*

ಇನ್ನು ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ತಂದೆ ಅಕ್ಕಲಕೋಟೆಯ ಕಡೆಯಿಂದ ಗಡಿ ದಾಟಿ ಆಳಂದಕ್ಕೆ ಬಂದವರು. ಆಗ ಅದು ಬೇರೆ ಸಂಸ್ಥಾನ, ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಒಂದು ದಿನದ ಬಂಡಿಯ ದಾರಿ. ಎರಡೂ ಕಡೆ ಕನ್ನಡ, ಎರಡೂ ಕಡೆ ಮರಾಠಿ, ಎರಡೂ ಕಡೆ ಜೋಳದ ರೊಟ್ಟಿ. ಆದರೂ ಇಲ್ಲಿ ನೌಕರಿ ಬೇಕಾದರೆ ‘ಮುಲ್ಕಿ’ ಆಗಬೇಕಿತ್ತು. ಹುಟ್ಟಿನಿಂದ ನಿಜಾಮರ ಪ್ರಜೆಯಲ್ಲದವನು ಮುಲ್ಕಿಯಾಗಲು ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು. ಅಷ್ಟೇ ಅಲ್ಲ, ಮೊದಲಿನ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಎದುರಿಗೆ ಪ್ರಮಾಣಪತ್ರ ಮಾಡಿಕೊಡಬೇಕು. ನಮ್ಮ ತಂದೆ ಮಾಡಿಕೊಟ್ಟರು. ಆಮೇಲೂ ಪ್ರತಿವರ್ಷ ಜಾತ್ರೆಗೆ ತಮ್ಮ ಊರಿಗೆ ಹೋಗುತ್ತಿದ್ದರು. ಸಾಯುವ ಮುಂಚಿನ ವಾರ ಆ ಊರಿನ ಬಾವಿಯ ನೀರನ್ನು ನೆನೆದರು. ಅವರ ಪ್ರಮಾಣ ಸುಳ್ಳೇ? ನಾನು ಹಾಗೆ ಹೇಳಲಾರೆ. ಕೇಳಿದವರು ಅವರ ಮನಸ್ಸಿನ ಆಸೆಯನ್ನು ಕೇಳಿರಲಿಲ್ಲ. ಬಾಳನ್ನು ಎಲ್ಲಿ ಕಟ್ಟುತ್ತೀಯೆಂದು ಕೇಳಿದ್ದರು. ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನಿಜವೇ ಆಗಿತ್ತು.

ಸಂಸ್ಥಾನ 1948ರಲ್ಲಿ ಹೋಯಿತು. 1956ರಲ್ಲಿ ನಾವು ಕರ್ನಾಟಕದವರೊಡನೆ ಕೂಡಿದೆವು. ಆದರೆ ಬಾಗಿಲಿನಲ್ಲಿ ನಿಂತು “ನೀನು ಯಾರ ಪೈಕಿ?” ಎಂದು ಕೇಳುವ ಪದ್ಧತಿ ಹೋಗಲಿಲ್ಲ. ಹೋಗಬೇಕೆಂದೂ ನಾನು ಹೇಳಲಾರೆ. ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371ಜೆ ವಿಧಿ ಸೇರಿದಾಗ, ಹುಟ್ಟಿನಿಂದ ಇಲ್ಲವೆ ವಾಸದಿಂದ ಈ ಹಿಂದುಳಿದ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಪಾಲು ಸಿಗುವಂತಾಯಿತು. ಆಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸುಳ್ಳು ಸ್ಥಳೀಯ ಪ್ರಮಾಣಪತ್ರ ತಂದು ಹೊರಗಿನವನೊಬ್ಬ ಜೇವರ್ಗಿಯ ಹುಡುಗಿಯ ಪಾಲಿನ ವೈದ್ಯಕೀಯ ಸೀಟು ಪಡೆದನೆಂದರೆ ನನಗೆ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ ಬರುತ್ತದೆ. ನಮ್ಮ ಬಾಗಿಲಿನಲ್ಲಿ ಸುಳ್ಳು ಕಾಗದ ಅನ್ಯಾಯವಾದರೆ ಪರರ ಬಾಗಿಲಿನಲ್ಲಿ ಅದು ಜಾಣತನವಾಗುವುದು ಹೇಗೆ?

ಇಲ್ಲೊಂದು ಆಕ್ಷೇಪವಿದೆ. ನಮ್ಮ ನೆಲದ ಹಿರಿಯರು ಬಾಗಿಲಲ್ಲಿ ನಿಂತು ಕಾಗದ ಕೇಳಿದವರಲ್ಲ. ಅರಳಗುಂಡಗಿಯಿಂದ ಹೊರಟು ಕಲಬುರಗಿಗೆ ಬಂದು ನೆಲೆನಿಂತ ಶರಣಬಸವೇಶ್ವರರು ದಾಸೋಹ ನಡೆಸಿದಾಗ, ಪಂಕ್ತಿಗೆ ಕುಳಿತವನ ಕುಲವನ್ನಾಗಲಿ ಊರನ್ನಾಗಲಿ ವಿಚಾರಿಸಲಿಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಪೂಜೆಗೊಳ್ಳುವ ನೃಸಿಂಹ ಸರಸ್ವತಿಗಳು ವಿದರ್ಭದ ಕಾರಂಜೆಯಲ್ಲಿ ಹುಟ್ಟಿದವರು. ಕಲಬುರಗಿಯ ಬಂದೇ ನವಾಜರು ದಿಲ್ಲಿಯಿಂದ ಬಂದವರು. ನಾವು ನಮ್ಮವರೆಂದು ಕೈಮುಗಿಯುವವರಲ್ಲಿ ಬಹಳ ಮಂದಿ ಬೇರೆ ಕಡೆಯಿಂದ ಬಂದವರೇ. ಅವರನ್ನು ಯಾರೂ ಜಾಮೀನು ಕೇಳಲಿಲ್ಲ.

ನಿಜ. ಆದರೆ ದಾಸೋಹಕ್ಕೂ ಸರದಿಗೂ ವ್ಯತ್ಯಾಸವಿದೆ. ದಾಸೋಹದಲ್ಲಿ ಎಷ್ಟು ಜನ ಬಂದರೂ ಇನ್ನೊಂದು ಎಲೆ ಹಾಕುತ್ತಾರೆ. ಅಲ್ಲಿ ಒಬ್ಬನ ಊಟ ಇನ್ನೊಬ್ಬನ ಹಸಿವಾಗುವುದಿಲ್ಲ. ಸರದಿಯಲ್ಲಿ ಎಲೆಗಳ ಲೆಕ್ಕ ಮೊದಲೇ ಆಗಿದೆ. ಬಾಗಿಲು ಇಷ್ಟು ಸಣ್ಣದಾಗಿರುವುದು ಸರಿಯೇ ಎಂದು ಆ ದೇಶದವರೊಡನೆ ವಾದಿಸಬಹುದು, ವಾದಿಸಬೇಕು ಕೂಡ. ಆದರೆ ಬಾಗಿಲು ಸಣ್ಣದಿರುವವರೆಗೆ, ನಾನು ಒಬ್ಬನನ್ನು ಸುಳ್ಳು ಹೇಳಿ ನುಗ್ಗಿಸಿದರೆ ಹಿಂದೆ ಸರಿಯುವವನು ಅಮೆರಿಕದ ಅಧಿಕಾರಿಯಲ್ಲ. ಭಾರತದ ಪಾಲಿನೊಳಗೇ ಸರದಿ ನಡೆಯುವುದರಿಂದ, ಹಿಂದೆ ಸರಿಯುವವನು ನಮ್ಮಂಥದೇ ಒಂದು ಊರಿನ, ನಿಜವಾಗಿ ಒಡಹುಟ್ಟಿದ ಒಬ್ಬ ತಮ್ಮ. ಅವನ ಮುಖ ನನಗೆ ಕಾಣುವುದಿಲ್ಲ; ಎದುರಿಗೆ ಕುಳಿತ ಹುಡುಗನ ಮುಖ ಕಾಣುತ್ತದೆ. ಕಾಣುವ ಮುಖಕ್ಕಾಗಿ ಕಾಣದ ಮುಖವನ್ನು ಒರೆಸಿಹಾಕುವುದೇ ಬಹಳ ಸಲ ನಾವು ದಯೆಯೆಂದು ಕರೆಯುವ ಕೆಲಸ.

ಹಾಗಾದರೆ 1973ರಲ್ಲಿ ನಾನು ಬರೆದದ್ದು? ಅಲ್ಲಿಯೂ ವಾಕ್ಯ ಅದೇ. ಆದರೆ ಶಾಲೆಯ ಪುಸ್ತಕ ನನ್ನನ್ನು ಕೇಳಿದ್ದು ಬೇರೆ ಪ್ರಶ್ನೆಯೆಂದು ನಾನು ತಿಳಿದಿದ್ದೆ: ಈ ಹುಡುಗನಿಗಾಗಿ ಕರೆದರೆ ಬರುವವರು ಯಾರು, ಅವನ ಹೊಣೆ ಯಾರದು? ಅದಕ್ಕೆ ಆ ಹೆಸರೇ ಸರಿಯಾದ ಉತ್ತರ. ಯಾರ ಸರದಿಯೂ ಅಲ್ಲಿ ತಪ್ಪಲಿಲ್ಲ. ಮಾತಿನ ಸತ್ಯಾಸತ್ಯ ಮಾತಿನಲ್ಲಷ್ಟೇ ಇಲ್ಲ. ಕೇಳಿದವನು ಏನನ್ನು ಕೇಳಿದ, ನನ್ನ ಉತ್ತರದಿಂದ ಏನನ್ನು ನಂಬುತ್ತಾನೆ, ನಂಬಿ ಯಾರಿಗೆ ಏನು ಮಾಡುತ್ತಾನೆ ಎಂಬುದರಲ್ಲಿಯೂ ಇದೆ. ಬಾಂಡ್ ಕಾಗದ ಕೇಳಿದ್ದು ಹೊಟ್ಟೆಯನ್ನು. ಅದಕ್ಕೆ ನಾನು ಮಡಿಲನ್ನು ತೋರಿಸಿ ಹೊಟ್ಟೆಯೆಂದು ನಂಬಿಸುವುದು ವಂಚನೆ.

ಪ್ರಾಮಾಣಿಕವಾಗಿ ಹೇಳಬೇಕಾದರೆ ಆ ಮೊದಲ ಬರವಣಿಗೆಯೂ ಪೂರ್ತಿ ನಿರಪಾಯವಾಗಿರಲಿಲ್ಲ. ಹುಡುಗನ ಹೆತ್ತ ತಂದೆಗೆ ಹೊಲದಲ್ಲಿ ಅರ್ಧ ಪಾಲಿತ್ತು. ದೊಡ್ಡಪ್ಪನ ಮಗನೆಂದು ಕಾಗದದಲ್ಲಿ ನಿಂತರೆ ಆ ಅರ್ಧವನ್ನು ಕೇಳಲು ಅವನಿಗೆ ಬಾಯಿ ಎಲ್ಲಿಯದು? ಆ ಮನುಷ್ಯ 1998ರಲ್ಲಿ ಸಾಯುವ ಮೊದಲು ಅರ್ಧವನ್ನೂ ತಾನಾಗಿಯೇ ಅವನ ಹೆಸರಿಗೆ ಬರೆದುಕೊಟ್ಟ. ಕಾಗದದ ಸುಳ್ಳನ್ನು ಒಬ್ಬನ ಧರ್ಮಬುದ್ಧಿ ಮುಚ್ಚಿತು. ಎಲ್ಲ ಮನೆಯಲ್ಲಿಯೂ ಅಂಥ ದೊಡ್ಡಪ್ಪ ಇರುವುದಿಲ್ಲ. ನಾನು ಅಂದು ನಿಶ್ಚಿಂತನಾಗಿ ಮಲಗಿದ್ದು ನನ್ನ ಪುಣ್ಯದಿಂದಲ್ಲ, ಅವನ ಪುಣ್ಯದಿಂದ.

*

ಮರುದಿನ ಹುಡುಗ ಬಂದ. ಹುಡುಗನೆಂದು ನಾನು ಹೇಳುತ್ತಿದ್ದರೂ ಅವನಿಗೆ ಆಗ ಮೂವತ್ತೇಳು. ನಾನು ಸಹಿ ಮಾಡಲಾರೆನೆಂದೆ. ಕಾರಣಗಳನ್ನೂ ಹೇಳಿದೆ. ಅವನು ವಾದಿಸಲಿಲ್ಲ. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ ಹೋದ. ನಾಲ್ಕು ದಿನಗಳ ಮೇಲೆ ಅವ್ವನಿಂದ ಮಾತು ಬಂತು. ಹೇಳಿಕಳಿಸಿದವಳು ಆಕೆ, ತಂದವನು ಊರಿನ ಮತ್ತೊಬ್ಬ.

“ಮಾಸ್ತರ್ಗ ಕೇಳು, ನಾ ಕುಡಿಸಿದ ಹಾಲಿಗಿ ಲೆಕ್ಕ ಇಲ್ಲೇನಂತ. ಮೂವತ್ತೇಳು ವರ್ಷ ಯಾರೂ ಅಂದಿದ್ದಿಲ್ಲ, ಅವ ನಿನ್ನ ಮಗ ಅಲ್ಲಂತ.”

ಅಮೆರಿಕದಿಂದ ಅಣ್ಣ ಫೋನು ಮಾಡಿದ. “ಸರ, ನಿಮಗ ಬರಲ್ಲಂದ್ರ ಬ್ಯಾಡ. ಬ್ಯಾರೆಯವರ ಕಡಿಂದ ಮಾಡಸಂಗಿಲ್ಲ” ಎಂದ. ಅರ್ಜಿಯನ್ನು ಹಾಕಲೇ ಇಲ್ಲ.

2011ರಲ್ಲಿ ಅವನು ತಾಯಿಯನ್ನು ಕರೆಸಿಕೊಂಡ. ಪೌರನ ತಾಯಿಗೆ ಸರದಿಯಿಲ್ಲ. ಆಕೆ ಮುಂಬಯಿಯ ದೂತಾವಾಸಕ್ಕೆ ಹೋಗಿ ಸಂದರ್ಶನ ಕೊಟ್ಟು ಬಂದಳು. ಜೊತೆಗೆ ಹೋದವನು ಇದೇ ಹುಡುಗ. ಎರಡು ಚಳಿಗಾಲ ಅಲ್ಲಿದ್ದಳು. ಕಾಯಂ ವಾಸಿ ಎನಿಸಿಕೊಂಡವರು ಅಲ್ಲಿಯೇ ವಾಸಿಸಬೇಕು. ವರ್ಷಕ್ಕೂ ಮೀರಿ ಹೊರಗುಳಿದರೆ ಬರಿಯ ಆ ಕಾರ್ಡನ್ನು ತೋರಿಸಿ ಮರಳಿ ಒಳಗೆ ಹೋಗುವುದು ಸಾಮಾನ್ಯವಾಗಿ ಆಗದು. 2013ರಲ್ಲಿ ಆಕೆ ಆಳಂದಕ್ಕೆ ಬಂದವಳು ಮತ್ತೆ ಹೋಗಲಿಲ್ಲ. ಅಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಚೆನ್ನಾಗಿಯೇ ನೋಡಿಕೊಂಡರಂತೆ. ಆದರೆ ಊರಿನಲ್ಲಿ ಒಬ್ಬ ಮಗನನ್ನು ಬಿಟ್ಟು ಬಂದಿದ್ದೇನೆಂಬುದನ್ನು ಆಕೆ ಮರೆಯಲಿಲ್ಲ. ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಸಂಬಂಧಕ್ಕಾಗಿ ಆಕೆ ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಟ್ಟಳು.

2019ರಲ್ಲಿ ಆಕೆ ತೀರಿಕೊಂಡಳು. ಮಣ್ಣು ಕೊಟ್ಟವನು ಆ ಹಾಲು ಕುಡಿದ ಮಗನೇ. ದೂರದವನು ಎರಡು ದಿನ ತಡವಾಗಿ ಬಂದ. ನಾನು ಮಾತನಾಡಿಸಲು ಹೋದಾಗ ತಮ್ಮ ನನ್ನ ಪಕ್ಕದಲ್ಲಿ ಬಂದು ಕುಳಿತು, “ಸರ, ಅವತ್ತ ನೀವು ಸಹಿ ಮಾಡಿದ್ರ, ಅವ್ವ ಇಲ್ಲಿ ಒಬ್ಬಾಕೆ ಆಗ್ತಿದ್ಲು. ಛಲೋನೇ ಆಯ್ತು” ಎಂದ.

ನನಗೆ ಸಮಾಧಾನ ಹೇಳಬೇಕೆಂದೇ ಹೇಳಿದ ಮಾತು ಅದು. ಆದರೆ ಅದನ್ನು ನಾನು ಸ್ವೀಕರಿಸಲಾರೆ. ಮೊದಲನೆಯದಾಗಿ ಲೆಕ್ಕವೇ ಸರಿಯಲ್ಲ. 2004ರಲ್ಲಿ ಹಾಕಿದ ಅರ್ಜಿಗೆ ಸರದಿ ಬರಲು ಹದಿನಾಲ್ಕು ಹದಿನೈದು ವರ್ಷ ಹಿಡಿಯುತ್ತಿತ್ತು. ಅವ್ವನ ಕೊನೆಯ ವರ್ಷದವರೆಗೂ ಅವನು ಹೇಗೂ ಇಲ್ಲಿಯೇ ಇರುತ್ತಿದ್ದ. ಎರಡನೆಯದಾಗಿ, ಫಲ ಒಳ್ಳೆಯದಾಯಿತೆಂದು ಮಾಡಿದ ಕೆಲಸ ಒಳ್ಳೆಯದಾಗುವುದಿಲ್ಲ, ಕೆಟ್ಟದಾಯಿತೆಂದು ಕೆಟ್ಟದೂ ಆಗುವುದಿಲ್ಲ. ಸಹಿ ಮಾಡದೆ ಇದ್ದದ್ದು ಸರಿಯಾಗಿದ್ದರೆ ಆ ದಿನವೇ ಸರಿಯಾಗಿರಬೇಕು. ಸರಿಯೆಂದೇ ನಾನು ಈಗಲೂ ತಿಳಿದಿದ್ದೇನೆ.

ನನ್ನ ತಪ್ಪು ಇರುವುದು ಬೇರೆ ಕಡೆ. ಇಲ್ಲವೆಂದು ಹೇಳಿದ ನಾನು ಅಷ್ಟಕ್ಕೆ ನನ್ನ ಕರ್ತವ್ಯ ತೀರಿತೆಂದು ಮನೆಯಲ್ಲಿ ಕುಳಿತೆ. ಆ ‘ಇಲ್ಲ’ವನ್ನು ಆ ಹುಡುಗನೇ ಹೊತ್ತುಕೊಂಡು ಹೋಗಿ ತಾಯಿಗೆ ತಲುಪಿಸಬೇಕಾಯಿತು. ಕಾನೂನಿಗೆ ಕೊಟ್ಟ ಉತ್ತರವನ್ನು ಆಕೆ ತನ್ನ ತಾಯ್ತನಕ್ಕೆ ಕೊಟ್ಟ ಉತ್ತರವೆಂದು ತಿಳಿದಳು; ಹಾಗಲ್ಲವೆಂದು ಹೇಳಬೇಕಾದ ನಾನು ಏಳು ಮೈಲಿ ದೂರದಲ್ಲಿದ್ದೂ ಹೋಗಲಿಲ್ಲ. ಹೋಗಿ, ಆಕೆಯ ಪಡಸಾಲೆಯಲ್ಲಿ ಕುಳಿತು, “ತಾಯೀ, ಅವರು ಕೇಳಿದ ಪ್ರಶ್ನೆ ಬೇರೆ, ನೀವು ಕೇಳಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು. ಅವನು ನಿಮ್ಮ ಮಗನೇ” ಎಂದು ಹೇಳಲು ಒಂದು ಗಳಿಗೆ ಸಾಕಾಗಿತ್ತು. ಹದಿನೈದು ವರ್ಷ ನನಗೆ ಸಮಯವಿತ್ತು. ಮುಖ ತೋರಿಸಲು ಸಂಕೋಚವೆಂದು ಮುಂದೆ ಹಾಕುತ್ತ ಬಂದೆ.

ಸುಳ್ಳು ಹೇಳದೆ ಇರುವುದು ಸತ್ಯದ ಅರ್ಧ ಮಾತ್ರ. ನಮ್ಮ ನಿಷ್ಠೆಯಿಂದ ನೊಂದವರ ಬಾಗಿಲಿಗೆ ನಾವೇ ಹೋಗಿ ನಿಲ್ಲುವುದು ಉಳಿದರ್ಧ. ಮೊದಲರ್ಧವನ್ನು ನಾನು ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದೆ. ಉಳಿದರ್ಧವನ್ನು ನನಗೆ ಕಲಿಸಿದ ತಾಯಿಗೆ ಅದನ್ನು ತಿಳಿಸಲು ಈಗ ದಾರಿಯಿಲ್ಲ.